ಗೂಟ ನೆಡುವ ಮೊದಲು: ವಿದ್ಯುತ್ ಲೈನ್‌ಗಳ ಯೋಜನೆಯಲ್ಲಿ ರಾಜ್ಯ ಸರ್ಕಾರದ ಕೆಲಸ

ಮೊದಲು ಒಂದು ಗೂಟದ ಕಥೆ ಹೇಳುತ್ತೇನೆ. ನಾನು ಲೈನ್ ಸರ್ವೆ ಕೆಲಸದಲ್ಲಿದ್ದಾಗಿನ ಮಾತು ಇದು. ಗುಬ್ಬಿ ಕಡೆಯ ಒಂದು ಹಳ್ಳಿ. ಬೆಳಿಗ್ಗೆ ಏಳೂವರೆ ಇರಬಹುದು. ನಮ್ಮ ಜೀಪಿನ ಹತ್ತಿರ ಒಬ್ಬ ಹಿರಿಯರು ಬಂದು ನಿಂತರು. ಹೆಗಲ ಮೇಲೆ ಟವಲು. ಕೈಯಲ್ಲಿ ಕೆಂಪು ಬಣ್ಣ ಬಳಿದ ಮರದ ಗೂಟ. ಅದರ ತುದಿಗೆ ಇನ್ನೂ ಹಸಿ ಮಣ್ಣು ಅಂಟಿಕೊಂಡಿತ್ತು. "ಸ್ವಾಮಿ, ಇದು ನಿಮ್ಮದಾ? ನಮ್ಮ ತೋಟದಲ್ಲಿ ಸಿಕ್ತು" ಅಂದರು. ಸಿಟ್ಟಿರಲಿಲ್ಲ. ಯಾರೋ ಬಿಟ್ಟು ಹೋದ ಸಾಮಾನು ವಾಪಸ್ ಕೊಡುವ ಹಾಗೆ ಕೇಳಿದರು.

ಅದು ನಮ್ಮದೇ. ಹಿಂದಿನ ದಿನ ಸಂಜೆ ನಮ್ಮ ಹುಡುಗರು ಟವರ್ ಬರುವ ಜಾಗಕ್ಕೆ ಗುರುತು ನೆಟ್ಟು ಬಂದಿದ್ದರು. ಆ ಹಿರಿಯರು ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದರು. ಲೈನ್ ಹೋಗುವ ಪಟ್ಟಿಯಲ್ಲಿ ಬೀಳುವ ತೆಂಗಿನ ಮರಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. ಮೂವತ್ತೊಂದು. ಆಮೇಲೆ ಕೈ ಚಾಚಿ ತೋರಿಸಿದರು: "ಆ ಕಡೆ ಬಂಡೆ ಇದೆ, ಅದರಾಚೆ ಗೋಮಾಳ. ಅಲ್ಲಿಗೆ ಯಾಕೆ ಹೋಗಲ್ಲ ಸ್ವಾಮಿ ನಿಮ್ಮ ಲೈನು?"

ನನ್ನ ಹತ್ತಿರ ಎಂಜಿನಿಯರ್ ಉತ್ತರ ಇತ್ತು. ಲೈನ್ ತಿರುಗುವ ಕಡೆ ಬೇರೆ ಥರದ ಟವರ್ ಬೇಕು. ಅದಕ್ಕೆ ಕಬ್ಬಿಣ ಜಾಸ್ತಿ, ಪಾಯ ದೊಡ್ಡದು, ಖರ್ಚು ಜಾಸ್ತಿ. ಆದರೆ ನಿಜವಾದ ಉತ್ತರ ಅದಲ್ಲ. ಆ ಗೆರೆಯನ್ನು ಬೆಂಗಳೂರಿನ ಆಫೀಸಿನಲ್ಲಿ ಎರಡು ವರ್ಷ ಮೊದಲೇ ಎಳೆದಾಗಿತ್ತು. ಮಂಜೂರಾತಿ ಆಗಿತ್ತು, ಟೆಂಡರ್ ಆಗಿತ್ತು. ಈ ತೋಟದ ಯಜಮಾನರಿಗೆ ಮಾತ್ರ ಗೂಟ ಸಿಕ್ಕಿದ ಮೇಲೆ ವಿಷಯ ಗೊತ್ತಾಯಿತು. ಇವತ್ತು ನಾನು ಮಾತಾಡುವುದೆಲ್ಲ ಆ ಎರಡು ವರ್ಷದ ಬಗ್ಗೆ. ಗೂಟಕ್ಕೂ ಮೊದಲು ಏನಾಗುತ್ತದೆ, ಅದನ್ನು ಯಾರು ಮಾಡುತ್ತಾರೆ ಅನ್ನುವ ಬಗ್ಗೆ.

ಜನ ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಕೆಲವರು "ಅದೆಲ್ಲ ದಿಲ್ಲಿಯಲ್ಲಿ ತೀರ್ಮಾನ ಆಗೋದು" ಅನ್ನುತ್ತಾರೆ. ಇನ್ನು ಕೆಲವರಿಗೆ ಕರೆಂಟು ಅಂದರೆ ಬೆಸ್ಕಾಂ ಮತ್ತು ಲೈನ್‌ಮನ್, ಅಷ್ಟೇ. ನಡುವೆ ಇರುವ ರಾಜ್ಯ ಸರ್ಕಾರ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಲೈನ್ ಯೋಜನೆಯ ಭಾರವೆಲ್ಲ ಇರುವುದು ಅಲ್ಲೇ.

ಸಂವಿಧಾನದಲ್ಲಿ ವಿದ್ಯುತ್ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರಕ್ಕೂ ಅಧಿಕಾರ ಇದೆ, ರಾಜ್ಯಕ್ಕೂ ಇದೆ. 2003ರ ವಿದ್ಯುತ್ ಕಾಯ್ದೆ ಕೆಲಸವನ್ನು ಹಂಚಿಕೊಟ್ಟಿತು. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಲೈನ್‌ಗಳ ಯೋಜನೆ ಕೇಂದ್ರದ ಸಂಸ್ಥೆಯದ್ದು. ಅದು ಮೊದಲು ಪವರ್‌ಗ್ರಿಡ್ ಅನ್ನುವ ಕೇಂದ್ರದ ಲೈನ್ ಕಂಪನಿಯ ಒಳಗೇ ಇತ್ತು, 2021ರ ಏಪ್ರಿಲ್‌ನಿಂದ ಬೇರೆ ಕಂಪನಿಯಾಗಿ ಕೆಲಸ ಮಾಡುತ್ತಿದೆ. ರಾಜ್ಯದ ಒಳಗಿನ ಲೈನ್‌ಗಳ ಯೋಜನೆ ರಾಜ್ಯ ಸರ್ಕಾರ ಹೆಸರಿಸುವ ಸಂಸ್ಥೆಯದ್ದು. ನಮ್ಮಲ್ಲಿ ಅದು ಕೆಪಿಟಿಸಿಎಲ್, ಅಂದರೆ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ. ಹಳೇ ಕೆಇಬಿಯನ್ನು (ವಿದ್ಯುತ್ ಮಂಡಳಿಯನ್ನು) ಒಡೆದು 1999ರಲ್ಲಿ ಮಾಡಿದ್ದು.

ರೈತರಿಗೆ ನಾಲೆಯ ಉದಾಹರಣೆ ಕೊಟ್ಟರೆ ಬೇಗ ಅರ್ಥವಾಗುತ್ತದೆ. 765 ಮತ್ತು 400 ಕೆವಿ (ಕಿಲೋವೋಲ್ಟ್, ಅಂದರೆ ಸಾವಿರ ವೋಲ್ಟ್) ಲೈನ್‌ಗಳು ಮುಖ್ಯ ನಾಲೆ. 220 ಅದರ ಕವಲು. 110 ಮತ್ತು 66 ಉಪನಾಲೆ. ನಿಮ್ಮ ಪಂಪ್‌ಸೆಟ್ಟಿನ ಟಿಸಿಗೆ (ಟ್ರಾನ್ಸ್‌ಫಾರ್ಮರ್‌ಗೆ) ಬರುವ 11 ಕೆವಿ ಹೊಲಗಾಲುವೆ. ಒಂದು ವ್ಯತ್ಯಾಸ ಇದೆ. ನಾಲೆಯ ನೀರಿಗೆ ತೂಬು ಮುಚ್ಚಬಹುದು, ಕೆರೆಯಲ್ಲಿ ನಿಲ್ಲಿಸಬಹುದು. ಕರೆಂಟು ಹುಟ್ಟಿದ ಕ್ಷಣದಲ್ಲೇ ಖರ್ಚಾಗಬೇಕು. ಲೈನ್ ಇಲ್ಲದಿದ್ದರೆ ಅದು ಹುಟ್ಟಿಯೂ ಪ್ರಯೋಜನ ಇಲ್ಲ.

ನಡುವೆ ಒಂದು ಸಣ್ಣ ಮಾತು. ಹಳೇ ಮೈಸೂರು ಕಡೆಯ ಸ್ಟೇಷನ್‌ಗಳಲ್ಲಿ ನಿಮಗೆ ಹೆಚ್ಚಾಗಿ 66 ಕೆವಿ ಕಾಣುತ್ತದೆ. ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆ ಹೋದರೆ 110 ಮತ್ತು 33. ಒಂದೇ ರಾಜ್ಯ, ಎರಡು ಥರದ ಜಾಲ. ಒಮ್ಮೆ ತೆಗೆದುಕೊಂಡ ತೀರ್ಮಾನ ನೂರು ವರ್ಷ ನೆಲದ ಮೇಲೆ ಉಳಿದುಬಿಡುತ್ತದೆ.

ನೂರು ವರ್ಷ ಅಂದೆನಲ್ಲ, ಅಲ್ಲಿಗೇ ಹೋಗೋಣ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಲೈನ್ ಎಳೆದರು. 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನ್‌ಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ಆದಮೇಲೆ, 1905ರಲ್ಲಿ. ಇದರಲ್ಲಿ ನನಗೆ ಇಷ್ಟವಾಗುವುದು ಉದ್ದ ಅಲ್ಲ. ಮೈಸೂರು ಸರ್ಕಾರ ಮೂರು ವಿಷಯವನ್ನು ಒಟ್ಟಿಗೆ ಯೋಚಿಸಿತ್ತು. ಕರೆಂಟು ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ, ಆ ತುದಿಯಲ್ಲಿ ಯಾರು ಕೊಳ್ಳುತ್ತಾರೆ. ಗಣಿ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡೇ ಕೆಲಸಕ್ಕೆ ಇಳಿದಿದ್ದರು.

ಅದೇ ಕೋಲಾರಕ್ಕೆ ನೂರು ವರ್ಷದ ನಂತರ, 2003ರಲ್ಲಿ, ಇನ್ನೊಂದು ಲೈನ್ ಬಂತು. ಒಡಿಶಾದ ತಾಲ್ಚೇರ್‌ನಿಂದ ಸುಮಾರು 1,370 ಕಿಲೋಮೀಟರ್. ಡಿಸಿ (ಡೈರೆಕ್ಟ್ ಕರೆಂಟ್) ಲೈನ್ ಅದು, 2,000 ಮೆಗಾವ್ಯಾಟ್ ಹೊತ್ತು ತರಲು ಕಟ್ಟಿದ್ದು. ಅದನ್ನು ಕೇಂದ್ರದವರು ಕಟ್ಟಿದರು, ದಕ್ಷಿಣದ ರಾಜ್ಯಗಳೆಲ್ಲ ಹಂಚಿಕೊಂಡವು. ಆದರೆ ಕೋಲಾರದ ತನಕ ಬಂದ ಕರೆಂಟು ಅಲ್ಲಿಂದ ಊರು ಊರಿಗೆ ಹೋಗಬೇಕಾದರೆ ರಾಜ್ಯದ ಲೈನ್ ಸಿದ್ಧವಾಗಿರಬೇಕು. ಮುಖ್ಯ ನಾಲೆ ಬಂತು, ಉಪನಾಲೆ ತೋಡಿಲ್ಲ ಅಂದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಈಗ ಮುಖ್ಯ ವಿಷಯ. ರಾಜ್ಯ ಸರ್ಕಾರ ಲೈನ್ ಯೋಜನೆ ಮಾಡುವುದು ಕೆಪಿಟಿಸಿಎಲ್ ಆಫೀಸಿನಲ್ಲಿ ಮಾತ್ರ ಅಲ್ಲ. ಕಾರ್ಖಾನೆ ಎಲ್ಲಿ ಬರಬೇಕು, ಲೇಔಟ್ ಎಲ್ಲಿ ಬರಬೇಕು, ಸೋಲಾರ್ ಎಲ್ಲಿ ಬರಬೇಕು ಅಂತ ತೀರ್ಮಾನ ಮಾಡಿದಾಗಲೆಲ್ಲ ಅದು ಲೈನ್ ಯೋಜನೆಯನ್ನೇ ಮಾಡುತ್ತಿರುತ್ತದೆ. ಗೊತ್ತಿದ್ದು ಮಾಡಿದರೆ ಒಳ್ಳೆಯದು. ಗೊತ್ತಿಲ್ಲದೆ ಮಾಡಿದರೆ ಐದು ವರ್ಷ ಆದಮೇಲೆ ಯಾರದೋ ತೋಟದಲ್ಲಿ ಗೂಟ ಬೀಳುತ್ತದೆ.

ಗೊತ್ತಿದ್ದು ಮಾಡಿದ್ದಕ್ಕೆ ನಮ್ಮ ರಾಜ್ಯದಲ್ಲೇ ಎರಡು ಉದಾಹರಣೆ ಇವೆ. ಎರಡೂ ಸೋಲಾರ್. ಎರಡೂ ಹೆಚ್ಚುಕಡಿಮೆ ಒಂದೇ ಕಾಲದವು. ದಾರಿ ಮಾತ್ರ ಪೂರ್ತಿ ಬೇರೆ.

ಒಂದು ಪಾವಗಡದ ಸೋಲಾರ್ ಪಾರ್ಕ್. ತಿರುಮಣಿ ಸುತ್ತಮುತ್ತಲಿನ ಐದು ಊರುಗಳಲ್ಲಿ ಸುಮಾರು 13,000 ಎಕರೆ. 2,050 ಮೆಗಾವ್ಯಾಟ್. ಮೊದಲ ಹಂತ 2018ರ ಮಾರ್ಚ್‌ನಲ್ಲಿ ಶುರುವಾಯಿತು, 2019ರ ಕೊನೆಗೆ ಪೂರ್ತಿಯಾಯಿತು. ಪಾವಗಡಕ್ಕೆ ಹೋದವರಿಗೆ ಗೊತ್ತು, ಮಳೆ ಇಲ್ಲದ ನೆಲ, ಕಡಲೆಕಾಯಿ ಬಿತ್ತಿ ಆಕಾಶ ನೋಡುವ ಜನ. ಅಷ್ಟು ಕರೆಂಟು ಒಂದೇ ಕಡೆ ಹುಟ್ಟಿದರೆ ಸಣ್ಣ ಲೈನ್‌ಗೆ ತಡೆಯುವುದಿಲ್ಲ. 400 ಕೆವಿ ಸ್ಟೇಷನ್ನೇ ಬೇಕು. ಪವರ್‌ಗ್ರಿಡ್ ಅದನ್ನು ಪಾರ್ಕಿನ ಜೊತೆಗೇ ಕಟ್ಟಿತು. ಜಾಗ, ಸ್ಟೇಷನ್, ಲೈನ್ ಮೂರೂ ಒಟ್ಟಿಗೆ ನಡೆದವು.

ಇನ್ನೊಂದು ಅದೇ ಹೊತ್ತಿಗೆ, 2015-16ರಲ್ಲಿ ಕರೆದ ಟೆಂಡರ್. 60 ತಾಲ್ಲೂಕು, ತಾಲ್ಲೂಕಿಗೆ 20 ಮೆಗಾವ್ಯಾಟ್, ಒಟ್ಟು 1,200. ಇದರ ಜಾಣತನ ನೋಡಿ. 20 ಮೆಗಾವ್ಯಾಟ್ ಅಂದರೆ ತಾಲ್ಲೂಕಿನಲ್ಲಿ ಈಗಾಗಲೇ ಇರುವ 66 ಅಥವಾ 110 ಕೆವಿ ಸ್ಟೇಷನ್ ಹೊರಬಲ್ಲಷ್ಟು. ದೊಡ್ಡ ಹೊಸ ಲೈನ್ ಬೇಕಾಗಿಲ್ಲ. ಹಗಲು ಹುಟ್ಟಿದ ಕರೆಂಟನ್ನು ಅದೇ ತಾಲ್ಲೂಕಿನ ಪಂಪ್‌ಸೆಟ್‌ಗಳು ಬಳಸಬಹುದು. ಒಂದು ಮಿತಿ ಹಾಕಿದ್ದರಿಂದಲೇ ಎಷ್ಟೋ ಕಿಲೋಮೀಟರ್ ಲೈನ್ ಬೇಡವಾಗುತ್ತದೆ. ನನ್ನನ್ನು ಕೇಳಿದರೆ, ಲೈನ್ ಎಳೆಯದೇ ಇರುವ ಹಾಗೆ ಯೋಚಿಸುವುದೇ ಲೈನ್ ಯೋಜನೆಯ ಮೊದಲ ಪಾಠ. ಎಂಜಿನಿಯರಿಂಗ್ ಓದುವ ಮಕ್ಕಳು ಇದನ್ನು ಬರೆದುಕೊಳ್ಳಿ, ಯಾಕೆಂದರೆ ನಿಮ್ಮ ಸಿಲೆಬಸ್‌ನಲ್ಲಿ ಇದು ಬರುವುದಿಲ್ಲ.

ಎಲ್ಲ ಕರೆಂಟನ್ನೂ ಹೀಗೆ ಹಂಚಿ ಹುಟ್ಟಿಸಲು ಆಗುವುದಿಲ್ಲ, ಒಪ್ಪುತ್ತೇನೆ. ನಮ್ಮ ಥರ್ಮಲ್ ಸ್ಥಾವರಗಳು ಹೆಚ್ಚಾಗಿ ರಾಯಚೂರು, ಬಳ್ಳಾರಿ ಕಡೆ. ದೊಡ್ಡ ಬಳಕೆ ಬೆಂಗಳೂರಿನಲ್ಲಿ. ಉತ್ತರದಿಂದ ದಕ್ಷಿಣಕ್ಕೆ ದೊಡ್ಡ ಲೈನ್‌ಗಳು ಬೇಕೇ ಬೇಕು. ತೊಂದರೆ ಇರುವುದು ವೇಗದಲ್ಲಿ. ಸೋಲಾರ್ ಪ್ಲಾಂಟು ಒಂದು, ಒಂದೂವರೆ ವರ್ಷದಲ್ಲಿ ಎದ್ದು ನಿಲ್ಲುತ್ತದೆ. ದೊಡ್ಡ ಲೈನ್‌ಗೆ ಮೂರರಿಂದ ಐದು ವರ್ಷ ಹಿಡಿಯುತ್ತದೆ. ಹಾಗಾಗಿ ಪ್ಲಾಂಟಿನ ಅರ್ಜಿ ಬಂದಮೇಲೆ ಲೈನ್ ಯೋಚಿಸಿದರೆ ತಡವಾಗಿಬಿಟ್ಟಿರುತ್ತದೆ. ಯಾವ ಜಿಲ್ಲೆಯಲ್ಲಿ ಗಾಳಿ ಇದೆ, ಬಿಸಿಲಿದೆ ಅಂತ ರಾಜ್ಯಕ್ಕೆ ಮೊದಲೇ ಗೊತ್ತು. ಲೈನ್ ಮೊದಲು ಹೋಗಬೇಕು, ಪ್ಲಾಂಟು ಅದರ ಹತ್ತಿರಕ್ಕೆ ಬರಬೇಕು. ಇದಕ್ಕೆ ದುಡ್ಡಿನ ಸಹಾಯವೂ ಇದೆ. ಸೋಲಾರ್, ಗಾಳಿ ಕರೆಂಟು ಸಾಗಿಸುವ ಲೈನ್‌ಗಳಿಗಾಗಿ ಇರುವ ಗ್ರೀನ್ ಎನರ್ಜಿ ಕಾರಿಡಾರ್ ಯೋಜನೆಯ ಎರಡನೇ ಹಂತಕ್ಕೆ 2022ರ ಜನವರಿಯಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. ಏಳು ರಾಜ್ಯ, ಸುಮಾರು 12,000 ಕೋಟಿ ರೂಪಾಯಿ, ಅದರಲ್ಲಿ ಮೂರನೇ ಒಂದು ಭಾಗ ಕೇಂದ್ರದ್ದು. ಕರ್ನಾಟಕವೂ ಆ ಏಳರಲ್ಲಿ ಇದೆ. ಆದರೆ ದುಡ್ಡು ಇದ್ದಮಾತ್ರಕ್ಕೆ ಟವರ್ ಏಳುವುದಿಲ್ಲ. ಜಾಗ ಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಹೊರಗಿನಿಂದ ಎಷ್ಟು ತರಬೇಕು ಅನ್ನುವುದೂ ರಾಜ್ಯವೇ ಹೇಳಬೇಕಾದ ಮಾತು. 2012ರ ಜುಲೈ ಕೊನೆಯಲ್ಲಿ ಎರಡು ದಿನ ಉತ್ತರ ಭಾರತ ಕತ್ತಲಾಯಿತು, ನೆನಪಿದೆಯಾ? ನಮಗೆ ಏನೂ ಆಗಲಿಲ್ಲ. ಯಾಕೆಂದರೆ ಆಗ ದಕ್ಷಿಣದ ಜಾಲ ಉಳಿದ ದೇಶದ ಜೊತೆ ಒಂದೇ ತಾಳದಲ್ಲಿ ಓಡುತ್ತಿರಲಿಲ್ಲ. ಅದು ಕೂಡಿಕೊಂಡದ್ದು 2013ರ ಡಿಸೆಂಬರ್ 31ಕ್ಕೆ, ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಮೂಲಕ. ಕೊಂಡಿ ಬಿದ್ದದ್ದು ನಮ್ಮ ರಾಯಚೂರಿನಲ್ಲಿ. ಅದರ ಉಪಯೋಗ ಏನು ಅಂತ 2023ರಲ್ಲಿ ಗೊತ್ತಾಯಿತು. ಬರ ಬಂತು. ಜಲಾಶಯಗಳು ತುಂಬಲಿಲ್ಲ. ಅಕ್ಟೋಬರ್‌ನಲ್ಲಿ ಹಳ್ಳಿಗಳಲ್ಲಿ ಲೋಡ್ ಶೆಡ್ಡಿಂಗ್ ಶುರುವಾಯಿತು. ಆಗ ಕರ್ನಾಟಕ ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಕರೆಂಟು ಕಡ ತಂದಿತು. ನಮ್ಮಲ್ಲಿ ಹೆಚ್ಚಿದ್ದಾಗ ವಾಪಸ್ ಕೊಡುವ ಕರಾರು. ಪಕ್ಕದ ಮನೆಯಿಂದ ಅಕ್ಕಿ ಕಡ ತರುತ್ತೀವಲ್ಲ, ಹಾಗೆ. ಪಂಜಾಬಿನ ಕರೆಂಟು ಇಲ್ಲಿಯ ತನಕ ಬಂದದ್ದು ಲೈನ್ ಇದ್ದದ್ದರಿಂದ. ಅದರ ಮುಂದಿನ ಬೇಸಿಗೆ, 2024ರಲ್ಲಿ, ರಾಜ್ಯದ ಬೇಡಿಕೆ 17,000 ಮೆಗಾವ್ಯಾಟ್ ದಾಟಿತು.

2023ರ ಅಕ್ಟೋಬರ್‌ನಿಂದಲೇ ಜಿಎನ್ಎ (ಜನರಲ್ ನೆಟ್‌ವರ್ಕ್ ಆಕ್ಸೆಸ್) ಅನ್ನುವ ಹೊಸ ವ್ಯವಸ್ಥೆ ಬಂದಿದೆ. ದೇಶದ ಜಾಲದಿಂದ ನಮಗೆ ಇಷ್ಟು ಮೆಗಾವ್ಯಾಟ್ ಎಳೆದುಕೊಳ್ಳುವ ಹಕ್ಕು ಬೇಕು ಅಂತ ರಾಜ್ಯ ಮುಂಚಿತವಾಗಿ ಹೇಳಬೇಕು. ಅದಕ್ಕೆ ತಕ್ಕ ಶುಲ್ಕ ಕಟ್ಟಬೇಕು. ಜಾಸ್ತಿ ಹೇಳಿದರೆ ಬಿಲ್ಲು ನಮ್ಮ ಮೇಲೆ. ಕಡಿಮೆ ಹೇಳಿದರೆ ಬರಗಾಲದಲ್ಲಿ ಕಷ್ಟ. ದಿಲ್ಲಿಯವರು ದೊಡ್ಡ ಲೈನ್ ಯೋಜನೆ ಮಾಡುವುದು ರಾಜ್ಯಗಳು ಕೊಟ್ಟ ಈ ಲೆಕ್ಕ ಇಟ್ಟುಕೊಂಡು. ಹಾಗಾಗಿ "ದಿಲ್ಲಿಯಲ್ಲಿ ತೀರ್ಮಾನ" ಅನ್ನುವ ಮಾತು ಅರ್ಧ ಸತ್ಯ ಮಾತ್ರ.

ರಾಜ್ಯದೊಳಗಿನ ದಾರಿ ತಡವಾದರೆ ಏನಾಗುತ್ತದೆ ಅನ್ನುವುದಕ್ಕೆ ಮುಂಬೈ ನೋಡಿ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಇಡೀ ನಗರಕ್ಕೆ ಕರೆಂಟು ಹೋಯಿತು. ಲೋಕಲ್ ರೈಲುಗಳು ನಿಂತವು. ದೇಶದಲ್ಲಿ ಆ ದಿನ ಕರೆಂಟಿಗೆ ಕೊರತೆ ಇರಲಿಲ್ಲ. ನಗರದೊಳಕ್ಕೆ ತರುವ ದಾರಿಗಳು ಕಡಿಮೆ ಇದ್ದವು, ಇದ್ದವು ಒಂದರ ಹಿಂದೊಂದು ಟ್ರಿಪ್ ಆದವು. ಖಾರ್‌ಘರ್–ವಿಕ್ರೋಳಿ ಅನ್ನುವ 400 ಕೆವಿ ಲೈನ್ ಅದಕ್ಕೂ ಎಷ್ಟೋ ವರ್ಷ ಮೊದಲೇ ಯೋಜನೆಯಲ್ಲಿತ್ತು. ಮುಗಿದದ್ದು 2023ರಲ್ಲಿ. ಬೆಂಗಳೂರು ಬೆಳೆಯುತ್ತಿರುವ ರೀತಿ ನೋಡಿದರೆ ನನಗೆ ಇದೇ ಚಿಂತೆ. ದೇವನಹಳ್ಳಿ ಕಡೆ ಹತ್ತು ವರ್ಷದ ಹಿಂದೆ ರಾಗಿ ಹೊಲ ಇದ್ದ ಕಡೆ ಈಗ ಲೇಔಟು. ರಸ್ತೆಗೆ ಜಾಗ ಬಿಡುತ್ತೇವೆ, ಪಾರ್ಕಿಗೆ ಬಿಡುತ್ತೇವೆ. ಲೈನ್‌ಗೆ ಮಾಸ್ಟರ್ ಪ್ಲಾನಿನಲ್ಲಿ ಒಂದು ಪಟ್ಟಿ ಬಿಡುವುದು ನೆನಪಾಗುವುದೇ ಇಲ್ಲ. ಆಮೇಲೆ ನೆಲದಡಿ ಕೇಬಲ್ ಹಾಕುತ್ತಾರೆ. ಅದಕ್ಕೆ ಮೇಲಿನ ಲೈನ್‌ಗಿಂತ ಎಷ್ಟೋ ಪಟ್ಟು ಖರ್ಚು. ಅದು ಕೊನೆಗೆ ನಿಮ್ಮ ಬಿಲ್ಲಿಗೇ ಬರುತ್ತದೆ.

ಈಗ ಜಾಗಕ್ಕೆ ಬರುತ್ತೇನೆ. ನನಗೆ ಹೆಚ್ಚು ಹೇಳಬೇಕಿರುವುದು ಇಲ್ಲೇ.

ಲೈನ್‌ಗೆ ಜಮೀನನ್ನು ಸ್ವಾಧೀನ ಮಾಡಿಕೊಳ್ಳುವುದಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿ ತಂತಿ ಇಲಾಖೆಗೆ ಒಂದು ಅಧಿಕಾರ ಇತ್ತು. ಯಾರ ಜಮೀನಿನ ಮೇಲಾದರೂ ತಂತಿ ಎಳೆಯಬಹುದು. ಜಮೀನು ಮಾಲೀಕನದ್ದೇ, ಬಳಸುವ ಹಕ್ಕು ಮಾತ್ರ ಇಲಾಖೆಯದ್ದು, ಆದ ನಷ್ಟಕ್ಕೆ ಪರಿಹಾರ. 2003ರ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಆ ಅಧಿಕಾರವನ್ನು ವಿದ್ಯುತ್ ಲೈನ್ ಎಳೆಯುವವರಿಗೂ ಸರ್ಕಾರ ಕೊಡಬಹುದು. ರಾಜ್ಯದೊಳಗಿನ ಲೈನ್‌ಗೆ ಅದನ್ನು ಕೊಡುವುದು ರಾಜ್ಯ ಸರ್ಕಾರ. ತಕರಾರು ಬಂದರೆ ಮುಂದೆ ನಿಲ್ಲುವವರು ಜಿಲ್ಲಾಧಿಕಾರಿ. ದಿಲ್ಲಿಯಿಂದ ಯೋಜನೆಯಾದ ಲೈನ್ ಆದರೂ ಹಳ್ಳಿಗೆ ಬರುವವರು ನಮ್ಮ ತಹಶೀಲ್ದಾರರೇ.

ಟೆಲಿಗ್ರಾಫ್ ತಂತಿ ಸಣ್ಣದು. ಅದರ ಪಕ್ಕದಲ್ಲೇ ತೆಂಗು ಬೆಳೆಯಬಹುದಿತ್ತು. 66 ಕೆವಿ ಲೈನ್‌ಗೆ 18 ಮೀಟರ್ ಅಗಲದ ಪಟ್ಟಿ ಬೇಕು. 220ಕ್ಕೆ 35 ಮೀಟರ್. 400ಕ್ಕೆ 46. ಅಷ್ಟಗಲ ತೆಂಗು, ಅಡಿಕೆ, ಮಾವು ಯಾವುದೂ ಇರುವಂತಿಲ್ಲ. ರಾಗಿ ಬೆಳೆಯಬಹುದು, ಅವರೆ ಬೆಳೆಯಬಹುದು. ಮನೆ ಕಟ್ಟುವಂತಿಲ್ಲ. ಒಂದು ತೋಟದಲ್ಲಿ 66 ಕೆವಿ ಲೈನ್ ನೂರು ಮೀಟರ್ ಹಾದುಹೋದರೆ ಸುಮಾರು 18 ಗುಂಟೆ ಹೋಯಿತು. ಎರಡು ಎಕರೆ ಇರುವವನಿಗೆ ಇದು ಸಣ್ಣದಲ್ಲ.

ಪರಿಹಾರ ಎಷ್ಟು? 2015ರಲ್ಲಿ ಕೇಂದ್ರದ ಮಾರ್ಗಸೂಚಿ ಬಂತು. ಟವರ್ ಕಾಲು ಊರುವ ಜಾಗಕ್ಕೆ ಜಮೀನಿನ ಬೆಲೆಯ ಶೇ. 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ. 15. 2024ರ ಜೂನ್‌ನಲ್ಲಿ ಅದನ್ನು ಏರಿಸಿದರು. ಟವರ್ ಜಾಗಕ್ಕೆ ಶೇ. 200, ಪಟ್ಟಿಗೆ ಶೇ. 30. ಒಳ್ಳೆಯ ಬದಲಾವಣೆ. ಆದರೆ ಇದು ಮಾರ್ಗಸೂಚಿ. ರಾಜ್ಯದೊಳಗಿನ ಲೈನ್‌ಗಳಿಗೆ ಏನು ಕೊಡಬೇಕು, ಜಮೀನಿಗೆ ಎಷ್ಟು ಬೆಲೆ ಕಟ್ಟಬೇಕು ಅನ್ನುವುದು ರಾಜ್ಯದ ಕೈಯಲ್ಲಿದೆ.

ಈಗ ಪಾವಗಡಕ್ಕೆ ವಾಪಸ್ ಬನ್ನಿ. ಅಲ್ಲಿ ಸರ್ಕಾರ ರೈತರ ಜಮೀನು ಕೊಂಡುಕೊಳ್ಳಲಿಲ್ಲ. ಗುತ್ತಿಗೆಗೆ ತೆಗೆದುಕೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಪಹಣಿಯಲ್ಲಿ ಹೆಸರು ರೈತನದ್ದೇ. ಪಾನೆಲ್ ಕೆಳಗಿನ ಜಮೀನಿಗೆ ವರ್ಷ ವರ್ಷ ಬಾಡಿಗೆ ಬರುತ್ತದೆ. ಅದೇ ಪಾರ್ಕಿನಿಂದ ಹೊರಟ ಕರೆಂಟು ಹೋಗುವ ಲೈನಿನ ಕೆಳಗಿನ ರೈತನಿಗೆ? ಒಂದು ಸಲ ದುಡ್ಡು, ಅಲ್ಲಿಗೆ ಮುಗಿಯಿತು.

ಸುಮ್ನೆ ಒಂದು ಲೆಕ್ಕ ಹಾಕೋಣ. ಆ 18 ಗುಂಟೆ ತೆಗೆದುಕೊಳ್ಳಿ. ಎಕರೆಗೆ ಹತ್ತು ಲಕ್ಷ ಅಂತ ಇಟ್ಟುಕೊಳ್ಳಿ. 18 ಗುಂಟೆಗೆ ನಾಲ್ಕೂವರೆ ಲಕ್ಷ. ಅದರಲ್ಲಿ ಶೇ. 30 ಅಂದರೆ 1,35,000 ರೂಪಾಯಿ. ಮರದ ಪರಿಹಾರ ಬೇರೆ. ಪಾವಗಡದ ದರದಲ್ಲಿ ಅದೇ 18 ಗುಂಟೆಗೆ ವರ್ಷಕ್ಕೆ 9,450. ಏರಿಕೆ ಬಿಟ್ಟು ಹಾಕಿದರೂ ಹದಿನೈದು ವರ್ಷದೊಳಗೆ ಆ ಮೊತ್ತ ದಾಟುತ್ತದೆ. ಲೈನ್ ಅದಕ್ಕಿಂತ ಎಷ್ಟೋ ಹೆಚ್ಚು ವರ್ಷ ಇರುತ್ತದೆ. ಪಾವಗಡದ ರೈತ ಇಡೀ ಜಮೀನು ಬಿಟ್ಟುಕೊಟ್ಟಿದ್ದಾನೆ, ಲೈನ್ ಕೆಳಗಿನವನು ರಾಗಿಯಾದರೂ ಬೆಳೆಯಬಹುದು. ಹಾಗಾಗಿ ಅದೇ ದರ ಕೊಡಿ ಅನ್ನುತ್ತಿಲ್ಲ. ಬಾಡಿಗೆ ಅನ್ನುವ ರೀತಿ ಕೊಡಿ ಅನ್ನುತ್ತಿದ್ದೇನೆ. ಅದನ್ನು ಪಾವಗಡದಲ್ಲಿ ಮಾಡಿ ತೋರಿಸಿದ್ದು ಇದೇ ರಾಜ್ಯ. ಲೈನ್‌ಗೂ ಅನ್ವಯಿಸಲು ಯಾವ ಕಾನೂನೂ ಅಡ್ಡ ಬರುವುದಿಲ್ಲ ಅಂತ ನಾನು ನಂಬಿದ್ದೇನೆ. ವರ್ಷಕ್ಕೊಮ್ಮೆ ಖಾತೆಗೆ ದುಡ್ಡು ಬರುವ ರೈತ ಟವರ್ ಕಾಯುತ್ತಾನೆ. ಒಂದೇ ಸಲ ಸಿಕ್ಕಿದವನಿಗೆ ಅದು ಜೀವನಪೂರ್ತಿ ಕಣ್ಣು ಚುಚ್ಚುತ್ತದೆ.

ದುಡ್ಡಿಗೆ ಬಗೆಹರಿಯದ ಜಾಗವೂ ಇದೆ. ಮೈಸೂರು–ಕೋಯಿಕ್ಕೋಡ್ 400 ಕೆವಿ ಲೈನ್ ಕೊಡಗಿನಲ್ಲಿ ಹಾದುಹೋದಾಗ ಬಿದ್ದ ಮರಗಳನ್ನು ನೋಡಿದವರು ಇಲ್ಲೂ ಇರಬಹುದು. ಉಡುಪಿ–ಕಾಸರಗೋಡು ಲೈನ್‌ಗೆ ದಕ್ಷಿಣ ಕನ್ನಡದ ಅಡಿಕೆ ಬೆಳೆಗಾರರು ಯಾಕೆ ಅಷ್ಟು ವಿರೋಧ ಮಾಡಿದರು ಅಂತ ಅಡಿಕೆ ತೋಟ ಇರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟದಲ್ಲಿ "ಇಲ್ಲಿ ಬೇಡ, ಹಳೇ ಲೈನಿನ ಪಟ್ಟಿಯಲ್ಲೇ ದೊಡ್ಡ ಟವರ್ ಹಾಕಿ" ಅಂತ ಹೇಳುವ ಧೈರ್ಯವೂ ರಾಜ್ಯಕ್ಕೆ ಬೇಕು. ಆದರೆ ಅದನ್ನು ಯೋಜನೆಯ ಸಭೆಯಲ್ಲಿ ಹೇಳಬೇಕು. ಎಲ್ಲ ಮಂಜೂರಾಗಿ, ಅರ್ಧ ಟವರ್ ಎದ್ದಮೇಲೆ ಹೇಳಿದರೆ ಕಾಡೂ ಉಳಿಯುವುದಿಲ್ಲ, ಕರೆಂಟೂ ಬರುವುದಿಲ್ಲ.

ಆ ಗುಬ್ಬಿ ಕಡೆಯ ತೋಟ ಏನಾಯಿತು ಅಂತ ಮುಂದೆ ಕೂತಿರುವ ಅಮ್ಮ ಕೇಳುತ್ತಿದ್ದಾರೆ. ಅವರು ತೋರಿಸಿದ ಬಂಡೆಯ ಹತ್ತಿರಕ್ಕೆ ಒಂದು ಟವರ್ ಸರಿಸಲು ಮೇಲಿನವರು ಒಪ್ಪಿದರು. ಹನ್ನೆರಡು ಮರ ಉಳಿದವು. ಹತ್ತೊಂಬತ್ತು ಹೋದವು. ಮರ ಕಡಿಯುವ ದಿನ ಅವರು ತೋಟಕ್ಕೆ ಬರಲಿಲ್ಲ, ಮಗನನ್ನು ಕಳಿಸಿದ್ದರು. ಎರಡು ವರ್ಷ ಮೊದಲು, ನಕ್ಷೆ ಇನ್ನೂ ಪೆನ್ಸಿಲ್‌ನಲ್ಲಿ ಇದ್ದಾಗ ಅವರನ್ನು ಒಂದು ಮಾತು ಕೇಳಿದ್ದರೆ ಮೂವತ್ತೊಂದೂ ಉಳಿಯುತ್ತಿತ್ತು. ಗೋಮಾಳ ಎಲ್ಲಿದೆ ಅಂತ ನಮ್ಮ ನಕ್ಷೆಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ನಾವೇನು ಮಾಡಬಹುದು ಅಂತ ನೀವು ಕೇಳಬಹುದು. ಗ್ರಾಮ ಪಂಚಾಯ್ತಿಯಲ್ಲಿ ಲೈನಿನ ನಕ್ಷೆಯನ್ನು ಟೆಂಡರ್‌ಗೂ ಮೊದಲೇ ಅಂಟಿಸಬೇಕು ಅಂತ ಸರ್ಕಾರವನ್ನು ಕೇಳಿ. ಇನ್ನೊಂದು ಬಾಗಿಲು ಈಗಲೇ ತೆರೆದಿದೆ, ಯಾರೂ ಹೋಗುವುದಿಲ್ಲ. ಕೆಪಿಟಿಸಿಎಲ್ ಯಾವ ಸ್ಟೇಷನ್ ಕಟ್ಟುತ್ತದೆ, ಎಷ್ಟು ಖರ್ಚು ಮಾಡುತ್ತದೆ ಅನ್ನುವ ಲೆಕ್ಕವನ್ನು ಕೆಇಆರ್‌ಸಿ, ಅಂದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಇಡಬೇಕು. ಆಯೋಗ ಸಾರ್ವಜನಿಕ ವಿಚಾರಣೆ ಮಾಡುತ್ತದೆ. ಪೇಪರಿನಲ್ಲಿ ಪ್ರಕಟಣೆ ಬರುತ್ತದೆ, ಆಕ್ಷೇಪಣೆ ಸಲ್ಲಿಸಲು ದಿನ ಕೊಡುತ್ತಾರೆ. ಬೆಸ್ಕಾಂ ದರದ ವಿಚಾರಣೆಗೆ ಜನ ಬರುತ್ತಾರೆ, ಯೂನಿಟ್ಟಿಗೆ ಹತ್ತು ಪೈಸೆ ಏರಿತು ಅಂತ ಜೋರು ಮಾಡುತ್ತಾರೆ. ಲೈನಿನ ವಿಚಾರಣೆಯಲ್ಲಿ ಕುರ್ಚಿ ಖಾಲಿ. ಆ ಪಟ್ಟಿಯಲ್ಲಿ ನಿಮ್ಮ ತಾಲ್ಲೂಕಿನ ಹೆಸರು ಇದೆಯಾ ನೋಡಿ. ಇದ್ದರೆ ಮೂರು ಪ್ರಶ್ನೆ ಬರೆದು ಕಳಿಸಿ: ಲೈನ್ ಯಾವ ಸರ್ವೆ ನಂಬರ್‌ಗಳಲ್ಲಿ ಹಾದುಹೋಗುತ್ತದೆ, ಇನ್ನೊಂದು ದಾರಿ ನೋಡಿದ್ದಾರಾ, ಹಳೇ ಲೈನನ್ನೇ ದೊಡ್ಡದು ಮಾಡಿದರೆ ಸಾಲುವುದಿಲ್ಲವಾ. ವಿಚಾರಣೆಗೆ ನೀವೇ ಹೋಗಿ. ವಕೀಲರು ಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಿ. ಹೋಗುವಾಗ ಪಹಣಿಯ ಒಂದು ಪ್ರತಿ ಜೊತೆಗಿರಲಿ.